ಬಾಗಿಲು ಹಾಕಿದ ಸಭೆ

ವಾಚನಾಲಯದ ಮೇಜಿನ ಸುತ್ತ ಮಹಾನಗರಪಾಲಿಕೆಯ ಸುದ್ದಿ ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಪಾಲಿಕೆ ನಡೆಯುವುದು ನಮ್ಮ ತೆರಿಗೆಯ ಹಣದಿಂದ; ಹಾಗಿದ್ದ ಮೇಲೆ ಸಭೆಯ ಬಾಗಿಲು ಹಾಕಿ, ನಮ್ಮನ್ನೂ ಬಾತ್ಮೀದಾರರನ್ನೂ ಹೊರಗೆ ನಿಲ್ಲಿಸಿ ಮಾತಾಡಲು ಸದಸ್ಯರಿಗೆ ಅಧಿಕಾರವುಂಟೆ? ಕೇಳುವವರು ಸಿಟ್ಟಿನಿಂದಲೇ ಕೇಳುತ್ತಾರೆ. ಆ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಉಳಿದರ್ಧವನ್ನು ಈ ಸಲದ ಪಾಠದಲ್ಲಿ ವಿಚಾರಿಸೋಣ.

ಊರ ಕಡೆಯ ಸಂಗತಿಯಿಂದಲೇ ಹೊರಡೋಣ. ಹೊಲದ ಬದುವಿನ ಸಲುವಾಗಿ ನೆರೆಯವನು ಖಟ್ಲೆ ಹೂಡುವ ಸೂಚನೆ ಕಂಡರೆ ಅಣ್ಣತಮ್ಮಂದಿರು ವಕೀಲರನ್ನು ಕರೆದು ಒಳಮನೆಯಲ್ಲಿ ಕೂಡುತ್ತಾರೆ. ನಮ್ಮ ಕಾಗದಪತ್ರ ಎಷ್ಟು ಗಟ್ಟಿ, ಎಲ್ಲಿ ಸಡಿಲು, ರಾಜಿಗೆ ಬಂದರೆ ಎಷ್ಟು ಗುಂಟೆ ಬಿಡಬಹುದು, ಇವು ಕಟ್ಟೆಯ ಮೇಲೆ ಆಡುವ ಮಾತುಗಳಲ್ಲ. ಐದು ಗುಂಟೆಯವರೆಗೂ ಬಿಡುತ್ತಾರೆಂಬುದು ನೆರೆಯವನ ಕಿವಿಗೆ ಬಿದ್ದರೆ ಅವನು ಎರಡಕ್ಕೆ ಒಪ್ಪುವನೆ? ಪಾಲಿಕೆಗೂ ಇಂಥ ತಗಾದೆಗಳಿವೆ: ಗುತ್ತಿಗೆದಾರನ ಬಾಕಿ, ತೆರೆದ ಗಟಾರಕ್ಕೆ ಬಿದ್ದವನ ಪರಿಹಾರ, ರಸ್ತೆಗಾಗಿ ಜಾಗ ಕಳೆದುಕೊಂಡವನ ದಾವೆ. ತುಂಬಿದ ಸಭೆಯಲ್ಲಿ ಅದರ ವಕೀಲರು ಎದ್ದು ನಿಂತು ‘ನಮ್ಮ ಪಕ್ಷ ದುರ್ಬಲವಾಗಿದೆ’ ಎಂದರೆ ನಷ್ಟ ತೆರಿಗೆ ಕೊಡುವ ನಮಗೇ. ಇಷ್ಟರ ಮಟ್ಟಿಗೆ ಬಾಗಿಲು ಹಾಕುವುದು ಸರಿ. ಆದರೆ ಅಣ್ಣತಮ್ಮಂದಿರು ಬಿಡುವುದು ತಮ್ಮ ಹೊಲವನ್ನು. ಸದಸ್ಯರು ಬಿಡುವುದು ಹೊರಗೆ ನಿಂತವರ ಹಣವನ್ನು. ತೊಡಕೆಲ್ಲ ಇಲ್ಲಿದೆ. ಗಟಾರಕ್ಕೆ ಬಿದ್ದವನು ನಮ್ಮ ಚಾಳಿನವನೇ ಆಗಿದ್ದರಂತೂ ಒಂದೇ ಖಟ್ಲೆಯಲ್ಲಿ ನಾವು ಎರಡು ಕಡೆಗೂ ನಿಂತಂತಾಯಿತು.

ಈ ತೊಡಕನ್ನು ಬಿಡಿಸಲು ಬಹಳ ಹೆಣಗಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ. ಅಲ್ಲಿಯ ಕತೆ ನಮಗೆ ಉಪಯೋಗದ್ದು. 1952ರಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್’ ಪತ್ರಿಕೆಯ ಬಾತ್ಮೀದಾರ ಮೈಕೇಲ್ ಹ್ಯಾರಿಸ್ ಸ್ಥಳೀಯ ಸಂಸ್ಥೆಗಳ ಗುಪ್ತಸಭೆಗಳನ್ನು ಕುರಿತು ಲೇಖನಮಾಲೆ ಬರೆದರು. ಮರುವರ್ಷ ಶಾಸಕ ರಾಲ್ಫ್ ಬ್ರೌನ್ ತಂದ ಮಸೂದೆ ಕಾಯದೆಯಾಯಿತು; ಜನ ಅದನ್ನು ಬ್ರೌನ್ ಕಾಯದೆಯೆಂದೇ ಕರೆಯುತ್ತಾರೆ. ನಗರಸಭೆಯಿರಲಿ, ಶಾಲಾ ಮಂಡಲಿಯಿರಲಿ, ನಮ್ಮ ಜಿಲ್ಲೆಯಂಥ ‘ಕೌಂಟಿ’ಯ ಮಂಡಲಿಯಿರಲಿ, ಸಭೆ ನಡೆಯಬೇಕಾದದ್ದು ತೆರೆದ ಬಾಗಿಲಲ್ಲಿ.

ಕಾಯದೆ ಬಂದ ಕೂಡಲೆ ಸಂದಿ ಹುಡುಕುವವರೂ ಬರುತ್ತಾರೆ. 1967ರಲ್ಲಿ ಆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ ಕೌಂಟಿಯ ಸಮಾಜಕಲ್ಯಾಣ ಖಾತೆಯ ನೌಕರರು ಮುಷ್ಕರ ಹೂಡಿದರು. ಮಂಡಲಿಯ ಐವರು ಸದಸ್ಯರೂ ಎಲ್ಕ್ಸ್ ಕ್ಲಬ್ಬಿನಲ್ಲಿ ಮಧ್ಯಾಹ್ನದ ಊಟಕ್ಕೆ ಕೂತರು. ಪಂಕ್ತಿಯಲ್ಲಿ ಕೌಂಟಿಯ ವಕೀಲರು, ಅಧಿಕಾರಿಗಳು, ಕಾರ್ಮಿಕ ಸಂಘಗಳ ಮುಖಂಡರು. ಮಾತು ಮುಷ್ಕರದ್ದು. ಬಂದ ಬಾತ್ಮೀದಾರರನ್ನು ಒಳಗೆ ಬಿಡಲಿಲ್ಲ. ಪತ್ರಿಕಾ ನೌಕರರ ಸಂಘ ಕೋರ್ಟಿಗೆ ಹೋಯಿತು. 1968ರಲ್ಲಿ ಮೇಲ್ಮನವಿಯ ಕೋರ್ಟು ಎರಡು ಮಾತು ಹೇಳಿತು. ತಟ್ಟೆ ಮುಂದಿದ್ದರೇನು, ಸದಸ್ಯರೆಲ್ಲ ಕೂಡಿ ಸಾರ್ವಜನಿಕ ಕೆಲಸವನ್ನು ಚರ್ಚಿಸಿದರೆ ಅದು ಸಭೆಯೇ. ಆದರೆ ಮಂಡಲಿಯೂ ಒಬ್ಬ ಕಕ್ಷಿದಾರನಂತೆಯೇ. ಗುಟ್ಟು ನಿಜವಾಗಿ ಅಗತ್ಯವಿದ್ದಲ್ಲಿ ಅದು ತನ್ನ ವಕೀಲರೊಡನೆ ಪ್ರತ್ಯೇಕವಾಗಿ ಮಾತಾಡಬಹುದು. ಹೊರಗಿನವರೂ ಕೂತ ಪಂಕ್ತಿಯಲ್ಲಿ ವಕೀಲರ ಗುಟ್ಟು ಎಲ್ಲಿಂದ ಬರಬೇಕು ಎಂದು ನಮಗಂತೂ ಅನಿಸುತ್ತದೆ.

ಕೋರ್ಟಿನ ಈ ವಿನಾಯಿತಿಯನ್ನು 1984ರಲ್ಲಿ ಅಲ್ಲಿಯ ಶಾಸನಸಭೆ ಕಾಯದೆಯೊಳಗೇ ಸೇರಿಸಿ ಬೇಲಿ ಹಾಕಿತು. ಇಂದು ಅಲ್ಲಿಯ ನಿಯಮ ಹೀಗಿದೆ. ಖಟ್ಲೆ ಕೋರ್ಟಿನಲ್ಲಿ ದಾಖಲಾಗಿರಬೇಕು, ಇಲ್ಲವೆ ತಾವೇ ಹೂಡುವ ಯೋಚನೆಯಲ್ಲಿರಬೇಕು, ಇಲ್ಲವೆ ತಮ್ಮ ಮೇಲೆ ಹೂಡಬಹುದೆಂಬ ಗಣನೀಯ ಭಯವಿರಬೇಕು. ಆ ಭಯಕ್ಕೂ ಕಣ್ಣಿಗೆ ಕಾಣುವ ಆಧಾರ ಬೇಕು. ‘ಯಾರಾದರೂ ಎಂದಾದರೂ ದಾವೆ ಹಾಕಿಯಾರು’ ಎಂದರೆ ಸಾಲದು. ಪರಿಹಾರ ಕೇಳಿ ಬಂದ ಅರ್ಜಿಯೇ ಆಧಾರವಾಗಿದ್ದರೆ ಆ ಅರ್ಜಿಯನ್ನು ಜನರಿಗೆ ನೋಡಗೊಡಬೇಕು. ಬಾಗಿಲು ಹಾಕುವ ಮುಂಚೆ ಕಾಯದೆಯ ಯಾವ ಕಾರಣಕ್ಕೆ ಹಾಕುತ್ತಿದ್ದೇವೆಂದು ಸಾರಬೇಕು. ರಾಜಿ ಎರಡೂ ಪಕ್ಷಗಳಿಂದ ಪಕ್ಕಾ ಆದ ಮೇಲೆ ಅದರ ಸಾರ ಹೊರಬೀಳಬೇಕು; ಯಾವ ಸದಸ್ಯ ಯಾವ ಕಡೆ ಮತ ಕೊಟ್ಟನೆಂಬುದೂ ಸಹ. ಮಾತುಕತೆಗೆ ಮರೆ ಉಂಟು, ತೀರ್ಮಾನಕ್ಕೆ ಇಲ್ಲ.

ಇನ್ನು ನಾವಿರುವ ಮುಂಬಯಿಗೆ ಬರೋಣ. ಇಲ್ಲಿಯ ಪಾಲಿಕೆಯ ಕಾಯದೆ 1888ರದು, ಬ್ರೌನ್ ಕಾಯದೆಗಿಂತ 65 ವರ್ಷ ಹಿರಿದು. ಪಾಲಿಕೆಯ ಪ್ರತಿಯೊಂದು ಸಭೆಯೂ ಸಾರ್ವಜನಿಕರಿಗೆ ತೆರೆದಿರತಕ್ಕದ್ದೆಂದು ಅದು ಆಗಲೇ ಹೇಳಿತ್ತು. ಒಂದು ವಿಷಯವನ್ನು ಖಾಸಗಿಯಾಗಿ ನಡೆಸಬೇಕಾದರೆ ಹಾಜರಿದ್ದ ಸದಸ್ಯರ ಬಹುಮತದ ಠರಾವು ಬೇಕು. ಚೆನ್ನಾಗಿದೆ, ಆದರೆ ಆ ಠರಾವಿನ ಮೇಲೆ ಮುಂಚೆ ಚರ್ಚೆಯಿಲ್ಲ, ಎಂಥ ವಿಷಯಕ್ಕೆ ಬಾಗಿಲು ಹಾಕಬಹುದೆಂಬ ಪಟ್ಟಿಯೂ ಅಲ್ಲಿಲ್ಲ. ಹಳೆಯ ಬಾಗಿಲು ಒಳ್ಳೆಯದೇ, ಚಿಲಕ ಮಾತ್ರ ಸಡಿಲು ಎಂಬುದು ನಮ್ಮ ಅಭಿಪ್ರಾಯ.

ಇದೇ ಕಾಯದೆಯ 527ನೆಯ ಕಲಮಿನಂತೆ ಪಾಲಿಕೆಯ ಮೇಲೆ ಪರಿಹಾರದ ದಾವೆ ಹೂಡುವವನು ಮೊದಲು ಬರಹದ ನೋಟೀಸು ಕೊಟ್ಟು ಒಂದು ತಿಂಗಳು ಕಾಯಬೇಕು. ಖಟ್ಲೆ ಇನ್ನೂ ಹುಟ್ಟಿಲ್ಲ, ಹುಟ್ಟುವ ಸೂಚನೆ ಮಾತ್ರ ಇದೆ. ಒಳಮನೆಯ ಮಾತಿಗೆ ಹೊತ್ತು ಅದೇ. ಗಟಾರಕ್ಕೆ ಬಿದ್ದ ನಮ್ಮ ಚಾಳಿನವನು ನೋಟೀಸಿನ ನಕಲನ್ನೂ ಅದು ತಲುಪಿದ ರಶೀದಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಉಳಿದವರ ಕೈಯಲ್ಲಿರುವುದು 2005ರ ಮಾಹಿತಿ ಹಕ್ಕಿನ ಕಾಯದೆ. ವಕೀಲರು ಪಾಲಿಕೆಗೆ ಕೊಟ್ಟ ಸಲಹೆಯನ್ನು ಕೇಳಿದರೆ ಇಲ್ಲವೆನ್ನಬಹುದು. ಠರಾವಿನ ನಕಲು, ಅದರ ತಾರೀಖು, ಕೊಟ್ಟ ರಕಮು, ಇವನ್ನು ಕೇಳಿರಿ. ‘ಏಕೆ ಕೊಟ್ಟಿರಿ’ ಎಂದು ವಾದಕ್ಕೆ ಇಳಿಯಬೇಡಿ. ಆ ಕಾಯದೆ ಕಾಗದವನ್ನು ತೋರಿಸುತ್ತದೆ, ವಾದಕ್ಕೆ ಉತ್ತರ ಕೊಡುವುದಿಲ್ಲ. ಸಾಮಾನ್ಯವಾಗಿ 30 ದಿನಗಳೊಳಗೆ ಜವಾಬು ಬರಬೇಕು. ಅರ್ಜಿ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಅಥವಾ ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿರಬೇಕು, ಎಂದರೆ ಇಲ್ಲಿ ಮರಾಠಿಯಲ್ಲಿ. ಕನ್ನಡದಲ್ಲಿ ಬರೆದು ತಂದರೂ ಚಿಂತೆಯಿಲ್ಲ. ಮರಾಠಿಗೆ ಇಳಿಸಿಕೊಡಬಲ್ಲ ಮಿತ್ರರು ವಾಚನಾಲಯದಲ್ಲಿದ್ದಾರೆ.