ಆರೋಗ್ಯ ಪಾಠ: ಹೊಟ್ಟೆಯೊಳಗಿನ ಕೊಬ್ಬು, ಹೃದಯಕ್ಕೆ ಕುತ್ತು

ಎತ್ತು ಕೊಳ್ಳುವಾಗ ರೈತನು ಅದರ ಮೈಕಟ್ಟನ್ನಷ್ಟೇ ನೋಡುವುದಿಲ್ಲ. ಹಲ್ಲು, ಸುಳಿ, ನಡಿಗೆ ಎಲ್ಲವನ್ನೂ ಪರೀಕ್ಷಿಸುತ್ತಾನೆ. ತನ್ನ ದೇಹದ ವಿಷಯದಲ್ಲಿ ಮಾತ್ರ, ತೂಕ ಸರಿಯಾಗಿದ್ದರೆ ಸಾಕೆಂದು ಸುಮ್ಮನಾಗುತ್ತಾನೆ. ಇದು ಸಾಲದು. ತೂಕ ಸರಿಯಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರಿರಬಹುದು.

ಕೊಬ್ಬಿನಲ್ಲಿ ಎರಡು ಬಗೆ. ಚರ್ಮದ ಕೆಳಗಿದ್ದು ಕೈಗೆ ಸಿಕ್ಕುವುದು ಒಂದು. ಕರುಳು, ಪಿತ್ತಜನಕಾಂಗಗಳ ಸುತ್ತ ಸೇರುವುದು ಇನ್ನೊಂದು. ಈ ಎರಡನೆಯದೇ ಹೆಚ್ಚು ಅಪಾಯಕರ. ಅದು ಹೆಚ್ಚಿದರೆ ಇನ್ಸುಲಿನ್ನಿನ ಶಕ್ತಿ ಕುಂದುತ್ತದೆ. ರಕ್ತದಲ್ಲಿ ಸಕ್ಕರೆಯೂ ಕೊಬ್ಬೂ ಏರುತ್ತವೆ. ರಕ್ತದ ಒತ್ತಡವೂ ಹೆಚ್ಚುತ್ತದೆ. ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರು ಹರಿಯದು. ಹಾಗೆಯೇ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಒಳಗೆ ಕಟ್ಟಿಕೊಳ್ಳುತ್ತವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಈಗಾಗಲೇ ಇರುವವರು ಹೆಚ್ಚು ಎಚ್ಚರದಿಂದಿರಬೇಕು.

ತೂಕ ನೋಡಿ ಮೋಸಹೋಗಬಾರದೆಂಬುದಕ್ಕೆ ಒಂದು ನಿದರ್ಶನವುಂಟು. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯಡ್ಕಿನ್ ತಮ್ಮಿಬ್ಬರ ಅಳತೆಗಳನ್ನೇ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರಿಗೂ ಒಂದೇ, 22.3. ಆದರೆ ಇಡೀ ದೇಹದ ಕೊಬ್ಬು ಯಡ್ಕಿನ್ನರಲ್ಲಿ ನೂರಕ್ಕೆ 9.1 ಪಾಲು, ಯಾಜ್ಞಿಕರಲ್ಲಿ 21.2 ಪಾಲು. ನಮ್ಮ ದೇಶದವರಲ್ಲಿ ತೆಳ್ಳಗೆ ಕಾಣುವವರಲ್ಲಿಯೂ ಕೊಬ್ಬು ಅಡಗಿರುವುದುಂಟು.

ಅಳೆಯುವ ಕ್ರಮ: ನೆಟ್ಟಗೆ ನಿಂತು, ಉಸಿರು ಬಿಟ್ಟು, ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ಮೀರಬಾರದು. ಟೇಪು ಇಲ್ಲದಿದ್ದರೆ ನಿಮ್ಮ ಎತ್ತರದಷ್ಟು ದಾರವನ್ನು ಎರಡಾಗಿ ಮಡಿಸಿ ಅದೇ ಜಾಗದಲ್ಲಿ ಸುತ್ತಿರಿ. ತುದಿಗಳು ಕೂಡದಿದ್ದರೆ ಕೊಬ್ಬು ಹೆಚ್ಚಿದೆಯೆಂದು ತಿಳಿಯಿರಿ. ಗರ್ಭಿಣಿಯರಿಗೆ ಈ ಅಳತೆ ಅನ್ವಯಿಸದು.

ಮಾಡಬೇಕಾದುದು:

1. ಟ್ರಾಕ್ಟರು, ಪಂಪುಸೆಟ್ಟು ಬಂದ ಮೇಲೆ ಮೈದುಡಿಮೆ ಕಡಮೆಯಾಗಿದೆ. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಿರಿ. ತೂಕ ಇಳಿಯದಿದ್ದರೂ ಒಳಗಿನ ಕೊಬ್ಬು ಕರಗುವುದುಂಟು.

2. ತಟ್ಟೆಯಲ್ಲಿ ಅನ್ನ, ಮುದ್ದೆಗಳನ್ನು ಕಡಮೆ ಮಾಡಿ, ಸೊಪ್ಪು, ಕಾಳು, ತರಕಾರಿ ಹೆಚ್ಚಿಸಿರಿ. ಸಕ್ಕರೆ, ಬೆಲ್ಲ, ಕರಿದ ತಿಂಡಿ ಮಿತವಾಗಿರಲಿ.

3. ಬೀಡಿ, ಹೊಗೆಸೊಪ್ಪು, ಕುಡಿತಗಳನ್ನು ಬಿಡಿರಿ.

4. 30 ವರ್ಷ ದಾಟಿದವರು ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿರಿ. ವೈದ್ಯರು ಕೊಟ್ಟ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿರಿ.

ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹರಡಿ, ಬೆವರು ಬಂದರೆ ಗ್ಯಾಸೆಂದು ಬೆಳಗಿನವರೆಗೆ ಕಾಯಬಾರದು. ಕೂಡಲೇ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಬೇಕು.

ಮನೆಯ ಯಜಮಾನನು ಹಾಸಿಗೆ ಹಿಡಿದರೆ ಹೊಲವೂ ಬೀಳು ಬೀಳುತ್ತದೆ. ಈ ತಿಂಗಳು ಮನೆಯ ದೊಡ್ಡವರೆಲ್ಲರ ಸೊಂಟ ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಮೂರು ತಿಂಗಳ ಮೇಲೆ ಮತ್ತೆ ಅಳೆದು ಹೋಲಿಸಿ ನೋಡಿರಿ.