ಮನೆಯೆಂದರೆ ಗೋಡೆ, ಸೂರು ಮಾತ್ರವೇ?



“ದೂರದ ದೇಶಗಳಲ್ಲಿ ಸಭೆ ಕೂಡಿದರೆ ನಮ್ಮ ಹಟ್ಟಿಗೇನು ಬಂತು ಸ್ವಾಮಿ?” ಎಂದು ಅರಳಿಕಟ್ಟೆಯಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು. ಕೇಳತಕ್ಕ ಪ್ರಶ್ನೆಯೇ.

1948ರ ಡಿಸೆಂಬರ್ 10ರಂದು ಪ್ಯಾರಿಸಿನಲ್ಲಿ ವಿಶ್ವಸಂಸ್ಥೆಯು ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಅದರ 25ನೆಯ ವಿಧಿಯಲ್ಲಿ ಅನ್ನ, ಬಟ್ಟೆ, ವೈದ್ಯೋಪಚಾರಗಳ ಜೊತೆಗೆ ಮನೆಯೂ ಸೇರಿದೆ. ವಸತಿಗೆಂದೇ 1976ರಲ್ಲಿ ಕೆನಡಾದ ವ್ಯಾಂಕೂವರ್, 1996ರಲ್ಲಿ ಇಸ್ತಾಂಬುಲ್, 2016ರಲ್ಲಿ ಕ್ವಿಟೊ ನಗರಗಳಲ್ಲಿ ಮಹಾಸಮ್ಮೇಳನಗಳು ನಡೆದವು.

ನಮಗೆ ಹೆಚ್ಚು ಉಪಯೋಗದ ಮಾತು ಬಂದದ್ದು 1991ರಲ್ಲಿ. ಆರ್ಥಿಕ, ಸಾಮಾಜಿಕ ಹಕ್ಕುಗಳ ಒಡಂಬಡಿಕೆಗೆ ಭಾರತವು 1979ರಲ್ಲಿ ಸೇರಿತ್ತು. ಅದರ ಪಾಲನೆಯನ್ನು ನೋಡುವ ವಿಶ್ವಸಂಸ್ಥೆಯ ಸಮಿತಿಯು ತಕ್ಕ ಮನೆಗೆ ಏಳು ಲಕ್ಷಣಗಳನ್ನು ಹೇಳಿತು. ನೀರು, ಕಕ್ಕಸು ಮೊದಲಾದ ಸೌಕರ್ಯ, ತಾಳಿಕೊಳ್ಳಬಹುದಾದ ಖರ್ಚು, ಮಳೆ ಚಳಿ ತಡೆಯುವ ಕಟ್ಟಡ, ಮುದುಕರಿಗೂ ಅಂಗವಿಕಲರಿಗೂ ಅನುಕೂಲ, ದುಡಿಮೆಗೆ, ಶಾಲೆಗೆ ಸಮೀಪದ ಜಾಗ, ಜನರ ರೀತಿನೀತಿಗೆ ಒಪ್ಪುವ ರಚನೆ. (ದನದ ಕೊಟ್ಟಿಗೆಯ ಹೆಸರಿಲ್ಲ. ಕೊನೆಯದರಲ್ಲಿ ಅದೂ ಸೇರಬೇಕೆಂದು ನನ್ನ ಅಭಿಪ್ರಾಯ.)

ಇವು ಆರಾದವು. ಸಮಿತಿಯು ಎಲ್ಲಕ್ಕಿಂತ ಮೊದಲು ಬರೆದದ್ದು, ಯಾರೂ ಬಲವಂತದಿಂದ ಎಬ್ಬಿಸದಂತೆ ಕಾನೂನಿನ ರಕ್ಷಣೆ. ನಮ್ಮಲ್ಲಿ ಇದಕ್ಕೆ ಆಧಾರ ಹಕ್ಕುಪತ್ರ. ತಾತನ ಕಾಲದಿಂದ ವಾಸವಿದ್ದರೂ ಪತ್ರವಿಲ್ಲದ ಮನೆಗಳು ಹಟ್ಟಿ, ತಾಂಡಾಗಳಲ್ಲಿ ಉಂಟು. ದಾಖಲೆಯಿಲ್ಲದ ಇಂಥ ವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ ಹಕ್ಕುಪತ್ರ ಕೊಡುವ ಏರ್ಪಾಡು ಕರ್ನಾಟಕದಲ್ಲಿದೆ. ಪತ್ರವಿದ್ದವರು ಪೆಟ್ಟಿಗೆಯಿಂದ ತೆಗೆದು ಒಮ್ಮೆ ಓದಿಸಿರಿ. ತೀರಿಹೋದ ತಂದೆಯವರ ಹೆಸರಿನಲ್ಲೇ ಇದ್ದರೆ, ಇಲ್ಲವೆ ಪತ್ರವೇ ಇಲ್ಲದಿದ್ದರೆ, ನಾನು ಊರಿಗೆ ಬಂದ ದಿನ ತಿಳಿಸಿರಿ; ಪಂಚಾಯಿತಿ ಕಚೇರಿಗೂ ತಾಲ್ಲೂಕು ಕಚೇರಿಗೂ ಜೊತೆಯಲ್ಲೇ ಹೋಗೋಣ.