ಒಂದು ಸರ ನಾಲ್ಕಾದ ಕಥೆ

ಮಕ್ಕಳೇ, ನಮ್ಮ ರಕ್ತ ಏಕೆ ಕೆಂಪಗಿದೆ? ಹೀಮೋಗ್ಲೋಬಿನ್ ಎಂಬ ಪ್ರೋಟೀನಿನಿಂದ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದುಕೊಂಡು, ದೇಹದ ಎಲ್ಲ ಭಾಗಗಳಿಗೂ ಒಯ್ದು, ಅಲ್ಲಿ ಬಿಟ್ಟುಕೊಡುವುದು ಇದರ ಕೆಲಸ.

ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಸರ. ಯಾವ ಮಣಿಯ ನಂತರ ಯಾವ ಮಣಿ ಬರಬೇಕು ಎಂಬ ಸೂಚನೆ ವಂಶವಾಹಿಯಲ್ಲಿರುತ್ತದೆ. ಹೀಮೋಗ್ಲೋಬಿನ್‌ನಲ್ಲಿ 4 ಸರಗಳಿವೆ. 141 ಮಣಿಗಳ ಎರಡು ಆಲ್ಫಾ ಸರಗಳು, 146 ಮಣಿಗಳ ಎರಡು ಬೀಟಾ ಸರಗಳು. ಪ್ರತಿಯೊಂದು ಸರವೂ ಉಂಡೆಯಂತೆ ಮಡಿಚಿಕೊಂಡು ತನ್ನೊಳಗೆ ಒಂದು ಕಬ್ಬಿಣದ ಪರಮಾಣುವನ್ನು ಇಟ್ಟುಕೊಂಡಿರುತ್ತದೆ. ಆಮ್ಲಜನಕ ಅಂಟಿಕೊಳ್ಳುವುದು ಇದಕ್ಕೇ. ಊಟದಲ್ಲಿ ಸೊಪ್ಪು, ಕಾಳು ಇರಬೇಕು, ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ನುಂಗಬೇಕು ಎನ್ನುವುದು ಏಕೆಂದು ಈಗ ತಿಳಿಯಿತೇ?

ಈ ನಾಲ್ಕೂ ಸರಗಳು ಒಂದಕ್ಕೊಂದು ನೆರವಾಗುತ್ತವೆ. ಒಂದು ಸರ ಆಮ್ಲಜನಕ ಹಿಡಿದರೆ ಉಳಿದವಕ್ಕೂ ಹಿಡಿಯುವುದು ಸುಲಭ. ಒಂದು ಬಿಟ್ಟರೆ ಉಳಿದವೂ ಬೇಗ ಬಿಡುತ್ತವೆ. ಹಾಗಾದರೆ ಇಷ್ಟು ಜಟಿಲವಾದ ಜೋಡಣೆ ಒಮ್ಮೆಗೇ ಹುಟ್ಟಿತೇ?

ಇಲ್ಲ. ಮೊದಲು ಇದ್ದದ್ದು ಒಂಟಿ ಸರ. ಮುಂದೆ ಅದು ತನ್ನಂಥದೇ ಇನ್ನೊಂದರ ಜೊತೆ ಸೇರಿ ಜೋಡಿಯಾಯಿತು. ಆಮೇಲೆ ಅದರ ವಂಶವಾಹಿಗೆ ಒಂದು ನಕಲು ಪ್ರತಿ ಹುಟ್ಟಿತು. ಎರಡು ಪ್ರತಿಗಳಲ್ಲೂ ಬೇರೆ ಬೇರೆ ಬದಲಾವಣೆಗಳಾಗಿ ಒಂದು ಆಲ್ಫಾ, ಇನ್ನೊಂದು ಬೀಟಾ ಆಯಿತು. ಕೊನೆಗೆ ಎರಡು ಜೋಡಿಗಳು ಕೂಡಿ ನಾಲ್ಕಾದವು. ಇದು ನಡೆದದ್ದು 40 ಕೋಟಿ ವರ್ಷಗಳಿಗೂ ಹಿಂದೆ, ದವಡೆಯುಳ್ಳ ಮೀನುಗಳ ಪೂರ್ವಜರಲ್ಲಿ.

ಇದು ಹೇಗೆ ಗೊತ್ತಾಯಿತು? ಹಳೆಯ ಕಾವ್ಯದ ಹಲವು ತಾಳೆಗರಿ ಪ್ರತಿಗಳನ್ನು ಹೋಲಿಸಿ ವಿದ್ವಾಂಸರು ಮೂಲಪಾಠವನ್ನು ಊಹಿಸುತ್ತಾರಲ್ಲವೇ? ಹಾಗೆಯೇ ವಿಜ್ಞಾನಿಗಳು ಇಂದಿನ ಪ್ರಾಣಿಗಳ ಸರಗಳನ್ನು ಹೋಲಿಸಿ ಪೂರ್ವಜ ಸರವನ್ನು ಲೆಕ್ಕಹಾಕಿದರು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿಯೂ ನೋಡಿದರು. ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಜೋಸೆಫ್ ಥಾರ್ನ್‌ಟನ್, ಅರವಿಂದ್ ಪಿಳ್ಳೈ ಮತ್ತು ಸಂಗಡಿಗರು 2020ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಪ್ರಾಚೀನ ಜೋಡಿಯಲ್ಲಿ ಕೇವಲ 2 ಮಣಿಗಳನ್ನು ಬದಲಿಸಿದಾಗ ನಾಲ್ಕು ಸರಗಳು ಒಟ್ಟುಗೂಡಿದವು! ಆಮ್ಲಜನಕವನ್ನು ಹಿಡಿಯುವ ಬಿಗಿಯೂ ಸಡಿಲವಾಯಿತು. ಹೊಸ ಮಣಿಗಳು ಎದುರು ಸರದಲ್ಲಿ ಮೊದಲೇ ಇದ್ದ ಹಳೆಯ ಮಣಿಗಳಿಗೆ ಹೊಂದಿಕೊಂಡದ್ದೇ ಇದಕ್ಕೆ ಕಾರಣ.

ಬದಲಾವಣೆಗಳೆಲ್ಲ ಒಳ್ಳೆಯವಲ್ಲ. ಬೀಟಾ ಸರದ 6ನೆಯ ಮಣಿ ಒಂದೇ ಬದಲಾದರೂ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಕಾಯಿಲೆ ಬರಬಹುದು. ಬದಲಾವಣೆ ಆಕಸ್ಮಿಕ. ಬದುಕಿಗೆ ನೆರವಾದದ್ದು ಪೀಳಿಗೆಯಿಂದ ಪೀಳಿಗೆಗೆ ಉಳಿದುಬರುವ ಸಾಧ್ಯತೆ ಹೆಚ್ಚು.

ಮಾಡಿ ನೋಡಿ: ಜೇಡಿಮಣ್ಣಿನ ಎರಡು ಉಂಡೆ ಮಾಡಿ. ಒಂದರಲ್ಲಿ ಬೆರಳಿನಿಂದ ಗುಳಿ ಮಾಡಿ. ಇನ್ನೊಂದು ನುಣುಪಾಗಿರಲಿ. ಎರಡನ್ನೂ ಒಣಗಿಸಿ ಜೋಡಿಸಿ ನೋಡಿ. ನಿಲ್ಲವು. ಈಗ ನುಣುಪು ಉಂಡೆಗೆ ಹಸಿ ಮಣ್ಣಿನ ಒಂದು ಸಣ್ಣ ಉಬ್ಬು ಅಂಟಿಸಿ, ಗುಳಿಯೊಳಗೆ ಒತ್ತಿ. ಏನಾಯಿತು?

ಯೋಚಿಸಿ: ಗುಳಿ ಮೊದಲೇ ಇರದಿದ್ದರೆ ಆ ಉಬ್ಬಿನಿಂದ ಇಷ್ಟೇ ಪ್ರಯೋಜನವಾಗುತ್ತಿತ್ತೇ?